ಸಂಜೆಯ ಬಸ್ಸಿನ ಮಕ್ಕಳು

ಉತ್ತರ ಕನ್ನಡ ಜಿಲ್ಲೆಯ ಶಿರಸಿಗೆ ಇಂದಿಗೂ ರೈಲುಮಾರ್ಗವಿಲ್ಲ. ಹುಬ್ಬಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರದಲ್ಲಿ, ಸಹ್ಯಾದ್ರಿಯ ಮೇಲಣ ಸೆರಗಿನಲ್ಲಿ, ಅಡಕೆಯ ತೋಟಗಳಿಗೂ ದಟ್ಟವಾದ ಕಾನುಗಳಿಗೂ ನಡುವೆ ನೆಲೆಗೊಂಡಿರುವ ಈ ಪಟ್ಟಣಕ್ಕೆ ಬರುವವರೂ ಇಲ್ಲಿಂದ ಹೋಗುವವರೂ ಬಹುಮಟ್ಟಿಗೆ ಬಸ್ಸನ್ನೇ ಆಶ್ರಯಿಸಬೇಕು. ಆದುದರಿಂದ ಊರಿನ ಸ್ವಭಾವವನ್ನು ಅರಿಯಬೇಕೆಂಬ ಅಪೇಕ್ಷೆಯುಳ್ಳವನು ದೇವಾಲಯಕ್ಕೋ ಪೇಟೆಗೋ ಹೋಗುವುದಕ್ಕೆ ಮುನ್ನ, ಸಾಯಂಕಾಲ ಶಾಲೆ ಕಾಲೇಜುಗಳು ಬಿಡುವ ವೇಳೆಗೆ ಬಸ್ಸಿನ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಲೇಸು. ಹುಲೇಕಲ್ಲು, ಸೋಂದೆ, ಬನವಾಸಿ, ವಾನಳ್ಳಿ ಎಂಬ ಫಲಕಗಳನ್ನು ಹೊತ್ತ ಬಸ್ಸುಗಳ ಮುಂದೆ ಹದಿನಾಲ್ಕು ಹದಿನೆಂಟರ ನಡುವಣ ಹುಡುಗ ಹುಡುಗಿಯರು ಕಿಕ್ಕಿರಿದು ನಿಂತಿರುವರು. ಅವರ ಗದ್ದಲ ಅಪಾರವಾದುದು. ನಗೆಗೆ ಕಾರಣವೇ ಬೇಕಿಲ್ಲದ ವಯಸ್ಸು ಅದು. ಆದರೆ ನೋಡತಕ್ಕದ್ದು ಅವರ ಕೈಗಳನ್ನು. ಪುಸ್ತಕದ ಚೀಲವಲ್ಲದೆ ಒಬ್ಬನಲ್ಲಿ ಔಷಧದ ಪೊಟ್ಟಣ, ಮತ್ತೊಬ್ಬಳಲ್ಲಿ ರಿಪೇರಿಯಾದ ಮಿಕ್ಸಿಯ ಜಾರು, ಮಗದೊಬ್ಬನಲ್ಲಿ ಸಂದಾಯವಾದ ಕರೆಂಟು ಬಿಲ್ಲಿನ ರಶೀದಿಯೊಡನೆ ಸಹಕಾರಿ ಸಂಘದ ಪಾಸುಪುಸ್ತಕ. ಇವೆಲ್ಲ ಅವರವರ ಮನೆಯ ವಸ್ತುಗಳೇ ಆಗಿರಬೇಕೆಂಬ ನಿಯಮವಿಲ್ಲ.

ಇದರ ಹಿನ್ನೆಲೆಯನ್ನು ತಿಳಿಯಲು ಈ ಸೀಮೆಯ ಹಳ್ಳಿಗಳ ವಿನ್ಯಾಸವನ್ನು ನೆನೆಯಬೇಕು. ಬಯಲುಸೀಮೆಯಲ್ಲಿರುವಂತೆ ಮನೆಗೆ ಮನೆ ತಾಗಿಕೊಂಡು ಬೀದಿಗಳಾಗಿ ನಿಂತ ಊರುಗಳು ಇಲ್ಲಿ ವಿರಳ. ಕಣಿವೆಯ ತಿರುವಿನಲ್ಲಿ ತೋಟ, ತೋಟದ ಅಂಚಿನಲ್ಲಿ ಮನೆ, ಅದರಾಚೆಗೆ ಬೆಟ್ಟ, ಬೆಟ್ಟದ ಆಚೆಗೆ ಇನ್ನೊಂದು ಮನೆ. ಇಂತಹ ಒಂಟಿಮನೆಯಲ್ಲಿ ವಾಸಿಸುವ ವೃದ್ಧದಂಪತಿಗಳಿಗೆ ರಕ್ತದೊತ್ತಡದ ಮಾತ್ರೆ ತೀರಿದರೆ, ಅದನ್ನು ತರಲು ಡಾಂಬರು ರಸ್ತೆಯವರೆಗೆ ನಡೆದು, ಬಸ್ಸಿಗೆ ಕಾದು, ಪೇಟೆಗೆ ಹೋಗಿ, ಮರಳುವ ಬಸ್ಸಿಗೆ ಮತ್ತೆ ಕಾದು, ಒಂದು ಇಡೀ ದಿನವನ್ನೂ ಮೊಣಕಾಲಿನ ಶಕ್ತಿಯೆಲ್ಲವನ್ನೂ ವ್ಯಯಮಾಡಬೇಕಾಗುವುದು. ನೆರೆಮನೆಯ ಹುಡುಗನಾದರೋ ದಿನವೂ ಹೋಗಿಬರುವವನು. ಆದುದರಿಂದ ಅವನು ಬೆಳಗ್ಗೆ ಅಂಗಳದ ಕೆಳಗಿನ ಹಾದಿಯಲ್ಲಿ ಓಡುತ್ತಿರುವಾಗಲೇ “ತಮಾ, ಪ್ಯಾಟಿಂದ ಇದೊಂದು ತಗಂಬಾ” ಎಂಬ ಕೂಗು ಕೇಳಿಬರುವುದು. ಚೀಟಿಯೊಂದು, ಮಡಿಸಿದ ನೋಟೊಂದು ಅವನ ಕೈಸೇರುವುವು. ಸಂಜೆ ಔಷಧವೂ ಉಳಿದ ಚಿಲ್ಲರೆಯೂ ಜಗಲಿಯನ್ನು ಮುಟ್ಟುವುವು. ಕೊಟ್ಟವರು ಎಣಿಸುವುದಿಲ್ಲ, ತಂದವನು ನಿಲ್ಲುವುದಿಲ್ಲ. ಆಸರಿಗೆ (ಪಾನೀಯ) ಕುಡಿದು ಹೋಗೆಂಬ ಮಾತನ್ನು ಅರ್ಧ ಕೇಳಿಸಿಕೊಂಡು ಅವನು ಆಗಲೇ ತನ್ನ ಮನೆಯ ದಣಪೆಯನ್ನು ದಾಟಿರುವನು. ಇದನ್ನು ಯಾರೂ ಪರೋಪಕಾರವೆಂದು ಕರೆಯರು. ಹಾಗೆ ಕರೆದರೆ ಆ ಹುಡುಗನಿಗೇ ಸಂಕೋಚವಾದೀತು.

ಬಸ್ಸಿನ ಒಳಗಣ ವ್ಯವಹಾರವೂ ಗಮನಾರ್ಹವಾದುದೇ. ಆಸನ ದೊರೆತವರು ನಿಂತವರ ಚೀಲಗಳನ್ನು ಕೇಳದೆಯೇ ತೆಗೆದುಕೊಂಡು ತಮ್ಮ ತೊಡೆಯ ಮೇಲೆ ಪೇರಿಸಿಕೊಳ್ಳುವ ಪದ್ಧತಿ ನಮ್ಮ ನಾಡಿನ ಬಸ್ಸುಗಳಲ್ಲೆಲ್ಲ ಉಂಟಾದರೂ, ಘಟ್ಟದ ತಿರುವುಗಳಲ್ಲಿ ಎರಡು ಕೈಗಳಿಂದಲೂ ಕಂಬಿಯನ್ನು ಹಿಡಿಯಲೇಬೇಕಾದ ಈ ಮಾರ್ಗಗಳಲ್ಲಿ ಅದಕ್ಕೊಂದು ವಿಶೇಷವಾದ ಅರ್ಥವಿದೆ. ನಾಲ್ಕು ಚೀಲಗಳ ಹಿಂದೆ ಮುಖವೇ ಮರೆಯಾದ ಹುಡುಗಿಯೊಬ್ಬಳು, ಅವುಗಳಲ್ಲಿ ಎರಡರ ಒಡೆಯರ ಹೆಸರನ್ನೂ ಅರಿಯದವಳು, ಅಷ್ಟನ್ನೂ ಜೋಪಾನವಾಗಿ ಹಿಡಿದು ಕುಳಿತಿರುವ ದೃಶ್ಯ ನನಗೆ ಎಷ್ಟೋ ಸನ್ಮಾನಸಭೆಗಳಿಗಿಂತ ಮಿಗಿಲಾಗಿ ತೋರಿದೆ.

ಇಂತಹ ಸೌಜನ್ಯಕ್ಕೆ ಕಾರಣವೇನು? ಸಣ್ಣ ಊರಿನವರ ಹೃದಯ ದೊಡ್ಡದು, ನಗರದವರದು ಕಿರಿದು ಎಂಬ ಸುಲಭವಾದ ಉತ್ತರವನ್ನು ನಾನು ಒಪ್ಪಲಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ವಿಷಯವನ್ನು ವಿವೇಕದಿಂದ ಚರ್ಚಿಸಿದ್ದಾನೆ. ಸ್ನೇಹಿತನ ವಿಳಾಸ ಕಳೆದುಹೋಗಿದೆ, ದೂರವಾಣಿಯನ್ನು ಬಳಸಲು ಅನುಮತಿ ಕೊಡಿ ಎಂದು ಅಪರಿಚಿತರು ಬಾಗಿಲು ತಟ್ಟಿದಾಗ, ಮಹಾನಗರದವರಿಗಿಂತ ಸಣ್ಣ ಪಟ್ಟಣದವರು ಬಹಳ ಹೆಚ್ಚಾಗಿ ಅವರನ್ನು ಒಳಗೆ ಕರೆದರು. ಆದರೆ ಇದನ್ನು ಆತ ನಗರವಾಸಿಯ ಕ್ರೌರ್ಯವೆಂದು ಎಣಿಸಲಿಲ್ಲ. ಕ್ಷಣಕ್ಷಣಕ್ಕೂ ಅಸಂಖ್ಯ ಮುಖಗಳನ್ನೂ ಶಬ್ದಗಳನ್ನೂ ಎದುರಿಸಬೇಕಾದ ಮನಸ್ಸು ತನ್ನ ರಕ್ಷಣೆಗಾಗಿ ಕೆಲವು ಬಾಗಿಲುಗಳನ್ನು ಮುಚ್ಚಿಕೊಳ್ಳುವುದೆಂದು ವಿವರಿಸಿದನು. ಮುಂದೆ 1994ರಲ್ಲಿ ರಾಬರ್ಟ್ ಲೆವೀನ್ ಮತ್ತು ಸಂಗಡಿಗರು ಆ ದೇಶದ 36 ನಗರಗಳಲ್ಲಿ, ಕೈಯಿಂದ ಜಾರಿದ ಲೇಖನಿಯನ್ನು ಎತ್ತಿಕೊಡುವುದು, ಕುರುಡರಿಗೆ ರಸ್ತೆ ದಾಟಿಸುವುದು ಮುಂತಾದ ಸಣ್ಣ ಉಪಕಾರಗಳನ್ನು ಪರೀಕ್ಷಿಸಿದಾಗ, ಜನಸಾಂದ್ರತೆ ಹೆಚ್ಚಿದಷ್ಟೂ ಉಪಕಾರ ಕುಗ್ಗುವುದು ಕಂಡುಬಂದಿತು.

2011ರ ಜನಗಣತಿಯಲ್ಲಿ ಜನಸಂಖ್ಯೆ 60,000ವನ್ನು ಸ್ವಲ್ಪವೇ ಮೀರಿದ್ದ ಶಿರಸಿಯಲ್ಲಿ ಆ ಬಾಗಿಲುಗಳನ್ನು ಮುಚ್ಚಿಕೊಳ್ಳುವ ಆವಶ್ಯಕತೆ ಅಷ್ಟಾಗಿ ಒದಗಿಲ್ಲ. ಅದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಹದಿಹರೆಯದವರಿಗೆ ಹಿರಿಯರ ಉಪದೇಶ ಬೇಡವಾದರೂ ಹಿರಿಯರ ನಂಬಿಕೆ ಬೇಕು. ಹದಿನೈದರ ಹುಡುಗನ ಕೈಗೆ ಐನೂರು ರೂಪಾಯಿಗಳನ್ನೂ ಒಂದು ಹೃದ್ರೋಗದ ಔಷಧದ ಚೀಟಿಯನ್ನೂ ಇತ್ತಾಗ, ನೀನು ಈಗ ಈ ಊರಿನ ಕಾರ್ಯಭಾರದಲ್ಲಿ ಪಾಲುಳ್ಳವನು ಎಂಬ ಅಂಗೀಕಾರವನ್ನೂ ಜೊತೆಗಿತ್ತಂತಾಗುತ್ತದೆ. ತೋಟದ ಕೆಲಸದಲ್ಲಿ ಮುರಿಯಾಳಿನ ಪದ್ಧತಿಯನ್ನು, ಅಂದರೆ ಇಂದು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು ಎಂಬ ಶ್ರಮವಿನಿಮಯವನ್ನು ಬಾಲ್ಯದಿಂದ ಕಂಡವರಿಗೆ, ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿಯೆಲ್ಲ ನೆರೆಯವರೊಡನೆ ಕುಳಿತು ಅಡಕೆ ಸುಲಿದವರಿಗೆ, ಈ ಪಾಲುಗಾರಿಕೆ ಹೊಸತೇನೂ ಅಲ್ಲ.

ಮಾರಿಕಾಂಬೆಯ ಜಾತ್ರೆಯಲ್ಲಿ ಇದರ ವಿಸ್ತಾರವಾದ ರೂಪವನ್ನು ಕಾಣಬಹುದು. ಸುಮಾರು 7 ಅಡಿ ಎತ್ತರದ ದಾರುಮೂರ್ತಿಯಾದ ಈ ದೇವಿಯನ್ನು ಊರಿನವರು ದೊಡ್ಡಮ್ಮನೆಂದೇ ಕರೆಯುವರು. ಎರಡು ವರ್ಷಗಳಿಗೊಮ್ಮೆ ಅವಳು ರಥವೇರಿ ಬಿಡ್ಕಿಬೈಲಿನ ಗದ್ದುಗೆಗೆ ಬಂದು ಕುಳಿತಾಗ ಲಕ್ಷಾಂತರ ಜನರು ಈ ಪುಟ್ಟ ಊರನ್ನು ತುಂಬುವರು. ಆಗ ಸರತಿಯ ಸಾಲಿನಲ್ಲಿ ಬಿಸಿಲಿಗೆ ಬಳಲಿದವರಿಗೆ ನೀರು ಮಜ್ಜಿಗೆಗಳನ್ನು ಹಂಚುವವರಲ್ಲಿ, ತಾಯಿಯ ಕೈತಪ್ಪಿದ ಮಗುವನ್ನು ಎತ್ತಿಕೊಂಡು ಧ್ವನಿವರ್ಧಕದ ಕಡೆಗೆ ಓಡುವವರಲ್ಲಿ ಶಾಲಾ ಕಾಲೇಜುಗಳ ಮಕ್ಕಳೂ ಇರುವರು. ಜಾತ್ರೆಯಿಲ್ಲದ ವರ್ಷ ಹೋಳಿಯ ರಾತ್ರಿಗಳಲ್ಲಿ ಬೇಡರ ವೇಷವೆಂಬ ಕುಣಿತದ ಸರದಿ. ಬೆನ್ನಿಗೆ ನವಿಲುಗರಿಗಳ ಭಾರವನ್ನು ಕಟ್ಟಿ, ಮುಖಕ್ಕೆ ಕೆಂಬಣ್ಣ ಬಳಿದು, ಖಡ್ಗವನ್ನು ಬೀಸುತ್ತ ಹಲಗೆಯ ನಾದಕ್ಕೆ ಕುಣಿಯುವ ಬೇಡನನ್ನು ಹಿಂದಿನಿಂದ ಹಗ್ಗ ಹಿಡಿದು ತಡೆಯಬೇಕು. ಓಣಿಯ ಎಳೆಯರನ್ನು ಖಡ್ಗದ ಸುತ್ತಿನಿಂದ ದೂರವಿರಿಸಬೇಕು. ನಡುರಾತ್ರಿಯಲ್ಲಿ ಬಸವಳಿದವನಿಗೆ ನೀರು ಕೊಡಬೇಕು. ಓಣಿಯ ಹುಡುಗರು ಇದನ್ನು ಒಬ್ಬರಿಂದೊಬ್ಬರು ನೋಡಿ ಕಲಿಯುತ್ತಾರೆ.

ಸಣ್ಣ ಊರಿನ ಎಲ್ಲವೂ ಚೆಲುವಲ್ಲ. ಎಲ್ಲರೂ ಎಲ್ಲರನ್ನು ಬಲ್ಲ ಕಡೆ ಪರಿಚಯವೇ ಕಾವಲಾಗುವುದುಂಟು, ವಿಶೇಷವಾಗಿ ಹೆಣ್ಣುಮಕ್ಕಳ ಪಾಲಿಗೆ. ಸಹಪಾಠಿಯೊಡನೆ ನಾಲ್ಕು ಮಾತನಾಡಿದ ವಾರ್ತೆ ಅವಳಿಗಿಂತ ಮುಂಚೆ ಮನೆ ತಲಪುವುದು. ಜಾತಿಯ ಗೆರೆಗಳೂ ಅಳಿದಿಲ್ಲ. ಯಾರು ಯಾರ ಜಗಲಿಯನ್ನು ಏರಬಹುದೆಂಬ ಲೆಕ್ಕ ಹಲವೆಡೆ ಇನ್ನೂ ನಡೆಯುತ್ತಿದೆ. ಆದರೆ ಗಾಂಧೀಜಿಯವರು 1934ರಲ್ಲಿ ಬಂದುದರ ಪ್ರೇರಣೆಯಿಂದ ಮಾರಿಕಾಂಬೆಯ ಜಾತ್ರೆಯ ತಲೆತಲಾಂತರದ ಕೋಣನ ಬಲಿಯನ್ನೇ ತೊರೆದ ಊರು ಇದು. ತನ್ನ ರೂಢಿಯನ್ನು ತಿದ್ದಿಕೊಳ್ಳಬಲ್ಲ ಶಕ್ತಿ ಅದಕ್ಕಿದೆ. ಒಂದೇ ಬಸ್ಸಿನಲ್ಲಿ ಒಬ್ಬರ ಚೀಲವನ್ನೊಬ್ಬರು ಹೊತ್ತು ಬೆಳೆದ ಮಕ್ಕಳು ಆ ಗೆರೆಗಳನ್ನು ಹಿರಿಯರಿಗಿಂತ ಬೇಗ ಅಳಿಸಿಯಾರೆಂದು ನಾನು ಮನಸಾರೆ ನಂಬಿದ್ದೇನೆ.

ನನ್ನ ಚಿಂತೆ ಬೇರೊಂದು. ಹತ್ತನೆಯ ತರಗತಿ ಮುಗಿಯುತ್ತಲೇ ಮಕ್ಕಳನ್ನು ಮಂಗಳೂರಿಗೋ ಹುಬ್ಬಳ್ಳಿಗೋ ಬೆಂಗಳೂರಿಗೋ ವಸತಿಕಾಲೇಜುಗಳಿಗೆ ಕಳುಹಿಸುವುದು ಈ ಸೀಮೆಯಲ್ಲಿ ಸಾಮಾನ್ಯವಾಗಿದೆ. ಅನಂತರ ಉದ್ಯೋಗ ಅವರನ್ನು ಅಲ್ಲಿಯೇ ಉಳಿಸಿಕೊಳ್ಳುವುದು. ತಂದೆತಾಯಿಗಳ ಆಕಾಂಕ್ಷೆಯನ್ನು ಯಾರು ತಪ್ಪೆನ್ನಬಲ್ಲರು? ಆದರೂ ಕಣಿವೆಯ ಮನೆಗಳಲ್ಲಿ ವೃದ್ಧರು ಮಾತ್ರ ಉಳಿಯುತ್ತಿದ್ದಾರೆ, ಚೀಟಿಯನ್ನು ಕೊಡಲು ಹಾದಿಯಲ್ಲಿ ಹುಡುಗರಿಲ್ಲ. ಅತ್ತ ನಗರದಲ್ಲಿ ಬೆಳೆಯುತ್ತಿರುವ ಅವರ ಮೊಮ್ಮಕ್ಕಳಿಗೆ ಸಾಮರ್ಥ್ಯ ಸಕಲವೂ ಇದೆ. ಅವರನ್ನು ನಂಬಿ ಕೆಲಸ ಒಪ್ಪಿಸುವವರು ಮಾತ್ರ ಇಲ್ಲ.

ಶಿರಸಿಯಂತಹ ಊರುಗಳಿಂದ ಹೊರಟು ನಗರಗಳಲ್ಲಿ ನೆಲೆಸಿರುವ ಓದುಗರಲ್ಲಿ ನನ್ನದೊಂದು ಬಿನ್ನಹವಿದೆ. ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಅಜ್ಜನ ಮನೆಗೆ ಕಾರಿನಲ್ಲಿ ಕರೆದೊಯ್ದು ಎರಡು ದಿನಕ್ಕೆ ಹಿಂದಿರುಗಬೇಡಿರಿ. ಅವರನ್ನು ಕೆಲವು ವಾರ ಅಲ್ಲಿ ಬಿಡಿರಿ. ಬಸ್ಸಿನಲ್ಲಿ ತಾವೇ ಪೇಟೆಗೆ ಹೋಗಿಬರಲಿ, ಬರುವಾಗ ನೆರೆಮನೆಯವರ ಔಷಧವನ್ನೂ ತರಲಿ.