ವಕೀಲರ ನಗೆ

ಮೆಟ್ರಿಯ ಕಟ್ಟೆಯ ಮೇಲೆ ಸಾಯಂಕಾಲ ಪತ್ರಿಕೆಯನ್ನೋದಿ ಹೇಳುವ ಕಾರ್ಯವು ನಿವೃತ್ತ ಉಪಾಧ್ಯಾಯರಾದ ನಮ್ಮದು. ಮೊನ್ನೆ ಕುಸ್ತಿಯ ಸುದ್ದಿ ಮುಗಿದೊಡನೆ, ಹೊಲದ ಬದುವಿಗಾಗಿ ಎಲ್ಲಿಯೋ ಅಣ್ಣತಮ್ಮಂದಿರು ಕೋರ್ಟು ಹತ್ತಿದ ವಾರ್ತೆ ಬಂದಿತು. ಅಂತಹುದೇ ವ್ಯಾಜ್ಯವುಳ್ಳ ಸಹೋದರರಿಬ್ಬರು ಅಲ್ಲಿಯೇ ಕುಳಿತಿದ್ದರು. ಸಭೆಯು ಅವರತ್ತ ನೋಡಿ ನಕ್ಕಿತು, ನಾವೂ ನಕ್ಕೆವು. ಅವರು ತಲೆ ತಗ್ಗಿಸಿದರು.

ಆ ರಾತ್ರಿ ನಮಗೆ ಬಾಗಲಕೋಟೆಯ ಕೆರೂರು ವಾಸುದೇವಾಚಾರ್ಯರ (1866–1921) ನೆನಪಾಯಿತು. ವಕೀಲರಾಗಿದ್ದ ಅವರು 1908ರಲ್ಲಿ ‘ಇಂದಿರೆ’ ಎಂಬ ಕಾದಂಬರಿಯನ್ನು ಪ್ರಕಟಿಸಿದರು; ‘ಸಚಿತ್ರ ಭಾರತ’ ಪತ್ರಿಕೆಯನ್ನೂ ನಡೆಸಿದರು; ವಿನೋದಪ್ರಿಯರು. ಪರರ ಕಲಹದಿಂದಲೇ ಅನ್ನವುಣ್ಣುವ ವಕೀಲನಿಗೆ ನಗುವ ಅಧಿಕಾರವೆಲ್ಲಿಯದು? ಮನುಷ್ಯದೌರ್ಬಲ್ಯದಲ್ಲಿ ತನ್ನ ಪಾಲನ್ನೂ ಒಪ್ಪಿಕೊಂಡಾಗಲೇ ಅದು ದೊರೆಯುವುದೆಂದು ನಮಗೆ ತೋರಿತು.

ಮರುದಿನ ಪತ್ರಿಕೆ ಬಿಚ್ಚುವ ಮುನ್ನ, ಒಂದು ಮೋಟುಗೋಡೆಗಾಗಿ ನಾವು ಅಣ್ಣನೊಡನೆ ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಕಥೆಯನ್ನು ಹೇಳಿದೆವು. ಆಗ ಆ ಸಹೋದರರೇ ಮೊದಲು ನಕ್ಕರು.