ನಿಮಗಿದು ಗೊತ್ತೇ? ದಿನಕ್ಕೊಂದೇ ಶ್ಲೋಕವಾದರೂ ಸರಿ

ದಿನವೂ ಸ್ವಾಧ್ಯಾಯ, ಅಂದರೆ ಶಾಸ್ತ್ರದ ಓದು, ಮಾಡುವವನಿಗೆ ಏನು ಸಿಗುತ್ತದೆ? ಶತಪಥ ಬ್ರಾಹ್ಮಣದ 11ನೇ ಕಾಂಡದಲ್ಲಿ ಇದಕ್ಕೊಂದು ಪಟ್ಟಿಯೇ ಇದೆ. ಅವನ ಮನಸ್ಸು ಚದುರುವುದಿಲ್ಲ, ಅವನು ಪರಾಧೀನನಾಗುವುದಿಲ್ಲ, ಸುಖವಾಗಿ ನಿದ್ದೆ ಮಾಡುತ್ತಾನೆ, ತನಗೆ ತಾನೇ ಒಳ್ಳೆಯ ವೈದ್ಯನಾಗುತ್ತಾನೆ, ಇಂದ್ರಿಯಗಳು ಹಿಡಿತಕ್ಕೆ ಬರುತ್ತವೆ, ಪ್ರಜ್ಞೆ ಬೆಳೆಯುತ್ತದೆ. ಸಾವಿರಾರು ವರ್ಷಗಳ ಹಿಂದೆ ಯಜ್ಞಯಾಗಾದಿಗಳ ವಿವರಗಳ ನಡುವೆ ಹೇಳಿದ ಈ ಫಲಗಳೆಲ್ಲ ಇಹದವು, ಇಂದು ರಾತ್ರಿಗೇ ಬೇಕಾದವು.

ಅದೇ ಗ್ರಂಥ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮೈಗೆ ಎಣ್ಣೆ ಹಚ್ಚಿಕೊಂಡು, ಅಲಂಕಾರ ಮಾಡಿಕೊಂಡು, ಹೊಟ್ಟೆ ತುಂಬ ಉಂಡು, ಮೆತ್ತನೆಯ ಹಾಸಿಗೆಯಲ್ಲಿ ಮಲಗಿ ಸ್ವಾಧ್ಯಾಯ ಮಾಡಿದರೂ ಅವನು ಉಗುರಿನ ತುದಿಯವರೆಗೆ ತಪಸ್ಸನ್ನೇ ಮಾಡಿದಂತೆ ಎನ್ನುತ್ತದೆ. ಮಡಿ ಇಲ್ಲ, ಹೊತ್ತಾಯಿತು, ಇವತ್ತು ಆಗಲಿಲ್ಲ ಎಂದು ಪುಸ್ತಕ ಮುಟ್ಟದೆ ಬಿಡುವವರಿಗೆ ಈ ಸಾಲುಗಳನ್ನು ಓದಿ ಹೇಳಬೇಕೆನಿಸುತ್ತದೆ.

ಪೂರ್ತಿ ಓದಲು ಆಗದ ದಿನ ಏನು ಮಾಡಬೇಕು? ಒಂದೇ ಒಂದು ಋಕ್ಕನ್ನೋ, ಒಂದು ಯಜುಸ್ಸನ್ನೋ, ಒಂದು ಗಾಥೆಯನ್ನೋ ಹೇಳಿದರೂ ಸಾಕು ಎಂದು ಅಲ್ಲೇ ಉತ್ತರವಿದೆ. ಕಾರಣವನ್ನೂ ಕೊಟ್ಟಿದ್ದಾರೆ: ವ್ರತ ನಡುವೆ ಕಡಿದುಹೋಗಬಾರದು. ನನ್ನ ಮಟ್ಟಿಗೆ ಇಡೀ ನಿತ್ಯಪಠಣದ ಗುಟ್ಟು ಈ ಒಂದು ಅನುಮತಿಯಲ್ಲಿದೆ. ಶ್ರಾವಣದಲ್ಲೋ ನವರಾತ್ರಿಯಲ್ಲೋ ಒಮ್ಮೆಲೇ ನೂರು ಪುಟ ಓದಿ ಉಳಿದ ಹನ್ನೊಂದು ತಿಂಗಳು ಪುಸ್ತಕವನ್ನು ದೇವರಕೋಣೆಯಲ್ಲಿ ಮುಚ್ಚಿಡುವುದಕ್ಕಿಂತ, ದಿನಕ್ಕೊಂದು ಶ್ಲೋಕದ ಓದು ಮನುಷ್ಯನನ್ನು ಹೆಚ್ಚು ಬದಲಿಸುತ್ತದೆ.

ಅಷ್ಟಮಿ, ಚತುರ್ದಶಿ, ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ವೇದಪಾಠಕ್ಕೆ ರಜೆ. ಅನಧ್ಯಯನ ಎಂದು ಅದಕ್ಕೆ ಹೆಸರು. ಆದರೆ ಮನುಸ್ಮೃತಿಯ ಎರಡನೇ ಅಧ್ಯಾಯದ ಪ್ರಕಾರ ನಿತ್ಯದ ಸ್ವಾಧ್ಯಾಯಕ್ಕೆ ಈ ರಜೆ ಅನ್ವಯಿಸುವುದಿಲ್ಲ. ಗುರುವಿಗೆ ಬಿಡುವುಂಟು, ಓದುವವನಿಗಿಲ್ಲ.

ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಸತ್ಯ, ತಪಸ್ಸು, ದಮ, ಶಮ, ಅಗ್ನಿಹೋತ್ರ, ಅತಿಥಿಸತ್ಕಾರ ಹೀಗೆ 12 ಕರ್ತವ್ಯಗಳನ್ನು ಹೇಳಿ, ಪ್ರತಿಯೊಂದರ ಜೊತೆಗೂ ಸ್ವಾಧ್ಯಾಯ ಮತ್ತು ಪ್ರವಚನವನ್ನು ಮತ್ತೆ ಮತ್ತೆ ಸೇರಿಸಿದ್ದಾರೆ. ಸತ್ಯವೇ ಮುಖ್ಯ ಎಂದು ಒಬ್ಬ ಋಷಿ, ತಪಸ್ಸೇ ಮುಖ್ಯ ಎಂದು ಇನ್ನೊಬ್ಬ. ಮೂರನೆಯವನಾದ ನಾಕ ಮೌದ್ಗಲ್ಯ ಓದು ಮತ್ತು ಹೇಳಿಕೊಡುವುದೇ ತಪಸ್ಸು ಎಂದು ವಾದ ಮುಗಿಸುತ್ತಾನೆ. ಓದಿದ್ದನ್ನು ಮನೆಯ ಮಕ್ಕಳಿಗೆ ಹೇಳುವುದೂ ಓದಿನದೇ ಭಾಗ ಎಂದಾಯಿತು.

ಭಗವದ್ಗೀತೆಯಲ್ಲಿ 18 ಅಧ್ಯಾಯ, 700 ಶ್ಲೋಕ. ದಿನಕ್ಕೆ ಎರಡರಂತೆ ಓದಿದರೆ 350 ದಿನ. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯೊಳಗೆ ಮುಗಿಯುತ್ತದೆ. ಅತ್ಯಂತ ಚಿಕ್ಕವು 12 ಮತ್ತು 15ನೇ ಅಧ್ಯಾಯಗಳು, ತಲಾ 20 ಶ್ಲೋಕ. ಅತಿ ದೊಡ್ಡದು 18ನೆಯದು, 78 ಶ್ಲೋಕ. ಧೃತರಾಷ್ಟ್ರ ಮಾತಾಡುವುದು ಒಂದೇ ಶ್ಲೋಕದಲ್ಲಿ, ಅದೂ ಮೊದಲನೆಯದರಲ್ಲಿ. ಊಟಕ್ಕೆ ಮುನ್ನ ಹಲವು ಕಡೆ ಹೇಳುವ ಮಂತ್ರ ನಾಲ್ಕನೇ ಅಧ್ಯಾಯದ 24ನೇ ಶ್ಲೋಕ. ಅನೇಕ ಆಶ್ರಮಗಳಲ್ಲಿ ಊಟದ ಪಂಕ್ತಿಯಲ್ಲಿ 15ನೇ ಅಧ್ಯಾಯವನ್ನು ಪೂರ್ತಿ ಹೇಳುವ ರೂಢಿಯೂ ಇದೆ.

ಗಾಂಧೀಜಿ ಗೀತೆಯನ್ನು ಬಾಯಿಪಾಠ ಮಾಡಿದ್ದು ಹಲ್ಲುಜ್ಜುವಾಗ! ದಕ್ಷಿಣ ಆಫ್ರಿಕಾದಲ್ಲಿ ವಕೀಲಿ ನಡೆಸುತ್ತಿದ್ದ ದಿನಗಳು. ಬೆಳಿಗ್ಗೆ ಹಲ್ಲುಜ್ಜಲು 15 ನಿಮಿಷ, ಸ್ನಾನಕ್ಕೆ 20 ನಿಮಿಷ ಹಿಡಿಯುತ್ತಿತ್ತು. ಎದುರಿನ ಗೋಡೆಗೆ ಶ್ಲೋಕ ಬರೆದ ಚೀಟಿ ಅಂಟಿಸಿ, ನಿಂತು ಹಲ್ಲುಜ್ಜುತ್ತಾ ಓದಿಕೊಳ್ಳುತ್ತಿದ್ದರು. ಕಲಿತದ್ದನ್ನು ಸ್ನಾನದ ಹೊತ್ತಿನಲ್ಲಿ ಮನನ ಮಾಡುತ್ತಿದ್ದರು. ಹೀಗೆ 13 ಅಧ್ಯಾಯಗಳು ಕಂಠಸ್ಥವಾದವು ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಸಮಯವಿಲ್ಲ ಎನ್ನುವ ನಮಗೆ ಆ ಗೋಡೆಯ ಚೀಟಿ ಉತ್ತರ ಕೊಡುತ್ತದೆ.

ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಇನ್ನೂ ದೊಡ್ಡ ಸಂಗತಿ. ಅಪರಿಗ್ರಹ, ಸಮಭಾವ ಎಂಬ ಗೀತೆಯ ಮಾತುಗಳು ಅವರನ್ನು ಕಾಡತೊಡಗಿದವು. ಏನನ್ನೂ ಕೂಡಿಡದೆ ಬದುಕುವುದು ಹೇಗೆ ಎಂದು ಯೋಚಿಸಿ ತಮ್ಮ ಜೀವವಿಮೆಯ ಪಾಲಿಸಿಯನ್ನೇ ಕೈಬಿಟ್ಟರು. ತಿಳಿಯದ ಪದಕ್ಕೆ ನಿಘಂಟು ನೋಡುವ ಹಾಗೆ, ನಡತೆಯಲ್ಲಿ ತೊಡಕು ಬಂದಾಗ ಗೀತೆ ನೋಡುತ್ತಿದ್ದೆ ಎಂದು ಹೇಳಿಕೊಂಡಿದ್ದಾರೆ. ಎಲ್ಲರೂ ವಿಮೆ ಬಿಡಬೇಕೆಂದಲ್ಲ. ಆದರೆ ಓದಿದ ಪದವೊಂದು ಮನೆಯ ಲೆಕ್ಕಪುಸ್ತಕದವರೆಗೆ ನಡೆದುಬಂದರೆ ಆ ಓದು ಫಲಿಸಿತು ಎಂದೇ ಅರ್ಥ.

ಮುಂದೆ ಸಾಬರಮತಿ ಆಶ್ರಮದ ಸಂಜೆಯ ಪ್ರಾರ್ಥನೆಯಲ್ಲಿ ಎರಡನೇ ಅಧ್ಯಾಯದ ಕೊನೆಯ 19 ಶ್ಲೋಕಗಳು, ಅಂದರೆ ಸ್ಥಿತಪ್ರಜ್ಞನ ಲಕ್ಷಣ ಹೇಳುವ ಭಾಗ, ತಪ್ಪದೆ ಇರುತ್ತಿತ್ತು. ಗಾಂಧೀಜಿಯ ಗುಜರಾತಿ ಗೀತಾನುವಾದ ‘ಅನಾಸಕ್ತಿಯೋಗ’ ಹೊರಬಂದದ್ದು 1930ರ ಮಾರ್ಚ್ 12ರಂದು. ದಂಡಿಯಾತ್ರೆ ಹೊರಟದ್ದೂ ಅದೇ ದಿನ.

ಜೈಲುಗಳಿಗೂ ಗೀತೆಗೂ ಹಳೆಯ ನಂಟು. ತಿಲಕರು ‘ಗೀತಾರಹಸ್ಯ’ ಬರೆದದ್ದು ಮಂಡಾಲೆ ಸೆರೆಮನೆಯಲ್ಲಿ, ಪೆನ್ಸಿಲಿನಲ್ಲಿ. ವಿನೋಬಾ ಭಾವೆ 1932ರ ಫೆಬ್ರವರಿ 21ರಿಂದ ಜೂನ್ 19ರವರೆಗೆ ಧುಳೆ ಜೈಲಿನಲ್ಲಿ ಪ್ರತಿ ಭಾನುವಾರ ಒಂದೊಂದು ಅಧ್ಯಾಯದ ಮೇಲೆ ಮಾತಾಡಿದರು. 18 ಭಾನುವಾರ, 18 ಅಧ್ಯಾಯ. ಜೊತೆಗೆ ಸೆರೆಯಲ್ಲಿದ್ದ ಸಾನೆ ಗುರೂಜಿ ಬರೆದುಕೊಂಡರು. ಹಾಗೆ ಹುಟ್ಟಿದ್ದೇ ‘ಗೀತಾ ಪ್ರವಚನ’. ಈಗಲೂ ವಾರಕ್ಕೊಂದು ಅಧ್ಯಾಯವೆಂದು ಓದಲು ಅದಕ್ಕಿಂತ ಹದವಾದ ಪುಸ್ತಕ ಕಡಿಮೆ.

ಮಹಾಭಾರತದ ಲಕ್ಷ ಶ್ಲೋಕ ಓದಲಾಗದವರಿಗೆ ವ್ಯಾಸರೇ ಒಂದು ದಾರಿ ತೋರಿಸಿದ್ದಾರೆ ಎಂಬುದು ಗೊತ್ತೇ? ಕೊನೆಯ ಸ್ವರ್ಗಾರೋಹಣ ಪರ್ವದ ಅಂತ್ಯದಲ್ಲಿ ‘ಭಾರತ ಸಾವಿತ್ರಿ’ ಎಂಬ ನಾಲ್ಕು ಶ್ಲೋಕಗಳಿವೆ. ಮಗ ಶುಕನಿಗೆ ವ್ಯಾಸರು ಕಲಿಸಿದ ಇವನ್ನು ಬೆಳಿಗ್ಗೆ ಎದ್ದು ಓದಿದರೆ ಇಡೀ ಭಾರತ ಓದಿದ ಫಲ ಎಂದು ಅಲ್ಲೇ ಹೇಳಿದೆ. ಹರ್ಷ ಮತ್ತು ಭಯದ ಪ್ರಸಂಗಗಳು ದಿನದಿನವೂ ಮೂಢನನ್ನು ಆವರಿಸುತ್ತವೆ, ಪಂಡಿತನನ್ನಲ್ಲ ಎಂಬುದು ಒಂದರ ಸಾರ. ಎರಡೂ ತೋಳೆತ್ತಿ ಕೂಗಿದರೂ ಯಾರೂ ಕೇಳುತ್ತಿಲ್ಲವಲ್ಲ, ಧರ್ಮದಿಂದಲೇ ಅರ್ಥ ಕಾಮಗಳು ಬರುವಾಗ ಅದನ್ನೇಕೆ ಆಚರಿಸುವುದಿಲ್ಲ ಎಂಬುದು ಇನ್ನೊಂದರದು. ಇಷ್ಟು ದೊಡ್ಡ ಕಾವ್ಯ ಬರೆದ ಕವಿಯ ಕೊನೆಯ ಮಾತಿನಲ್ಲಿ ಇಷ್ಟು ಸಂಕಟವಿದೆ ಎಂಬುದು, ಓದಿದಾಗಲೆಲ್ಲ ಎದೆ ಹಿಂಡುತ್ತದೆ. ಸೂರ್ಯೋದಯದ ಮೊದಲ ಐದು ನಿಮಿಷಕ್ಕೆ ಇದಕ್ಕಿಂತ ತೂಕದ ಓದನ್ನು ನಾನು ಕಾಣೆ.

ರಾಮಾಯಣದ ಸುಂದರಕಾಂಡದಲ್ಲಿ 68 ಸರ್ಗ. ದಿನಕ್ಕೊಂದರಂತೆ ಎರಡು ತಿಂಗಳು ಮತ್ತೊಂದು ವಾರ.

ಭಾಗವತದ 12 ಸ್ಕಂಧಗಳಲ್ಲಿ 335 ಅಧ್ಯಾಯ. ಅದನ್ನು ಕೇಳಿದ ಪರೀಕ್ಷಿತ ರಾಜನಿಗೆ ಬದುಕಲು ಉಳಿದಿದ್ದದ್ದು ಏಳೇ ದಿನ, ಆದ್ದರಿಂದ ಸಪ್ತಾಹ ನಡೆಯಿತು. ನಮ್ಮಂಥವರು ಮನೆಯಲ್ಲಿ ದಿನಕ್ಕೊಂದು ಅಧ್ಯಾಯ ಓದಿದರೂ ಹನ್ನೊಂದು ತಿಂಗಳಿಗೆ ಮುಗಿಯುತ್ತದೆ.

ಉತ್ತರ ಭಾರತದ ಮನೆಗಳಲ್ಲಿ ಓದುವ ತುಲಸೀದಾಸರ ‘ರಾಮಚರಿತಮಾನಸ’ದ ಮುದ್ರಿತ ಪ್ರತಿ ತೆರೆದು ನೋಡಿ. ನಡುನಡುವೆ ‘ವಿಶ್ರಾಮ’ದ ಗುರುತುಗಳಿರುತ್ತವೆ. 30 ದಿನದ ಮಾಸಪಾರಾಯಣಕ್ಕೆ ಒಂದು ಬಗೆ, 9 ದಿನದ ನವಾಹ್ನ ಪಾರಾಯಣಕ್ಕೆ ಇನ್ನೊಂದು ಬಗೆ. ಇವತ್ತು ಎಲ್ಲಿಗೆ ನಿಲ್ಲಿಸಬೇಕು ಎಂಬ ಗೊಂದಲವೇ ಇಲ್ಲ. ಕಬ್ಬಿನ ತೋಟಗಳ ಕೂಲಿಗೆಂದು ಫಿಜಿ, ಮಾರಿಷಸ್, ಸುರಿನಾಮ್‌ಗಳಿಗೆ ಹಡಗು ಹತ್ತಿದವರು ಈ ಗ್ರಂಥವನ್ನು ಜೊತೆಗೆ ಒಯ್ದರು. ಫಿಜಿಯಲ್ಲಿ ಇಂದಿಗೂ ‘ರಾಮಾಯಣ ಮಂಡಳಿ’ಗಳು ಮಂಗಳವಾರದ ಸಂಜೆ ಸೇರಿ ಓದುತ್ತವೆ.

ನಮ್ಮಲ್ಲೇನು ಕಡಿಮೆ? ಉತ್ತರ ಕರ್ನಾಟಕದ ಊರುಗಳಲ್ಲಿ ನವರಾತ್ರಿ ಬಂತೆಂದರೆ ‘ಪುರಾಣ ಹಚ್ಚುತ್ತಾರೆ’. ಓದುವುದು ಚಿದಾನಂದ ಅವಧೂತರ ಭಾಮಿನಿ ಷಟ್ಪದಿಯ ‘ದೇವಿ ಮಹಾತ್ಮೆ’. 18 ಅಧ್ಯಾಯಗಳ ಈ ಕೃತಿಯನ್ನು ಸಂಸ್ಕೃತದ ಗಂಧವಿಲ್ಲದ ರೈತರೂ ರಾಗವಾಗಿ ಓದಿ, ಕೊನೆಯ ದಿನ ಮಂಗಳ ಮಾಡುತ್ತಾರೆ. ಅವಧೂತರ ನೆನಪಿನ ಅಂಬಾಮಠ ಸಿಂಧನೂರು ತಾಲ್ಲೂಕಿನಲ್ಲಿದೆ.

‘ದೇವಿ ಮಹಾತ್ಮೆ’ಯ ಸಂಸ್ಕೃತ ಮೂಲವಾದ ದುರ್ಗಾ ಸಪ್ತಶತಿ ಮಾರ್ಕಂಡೇಯ ಪುರಾಣದ 13 ಅಧ್ಯಾಯಗಳು. ಗೀತೆಯಂತೆ ಅದಕ್ಕೂ 700ರ ಎಣಿಕೆ. ಆದರೆ ಪೂರ್ಣ ಶ್ಲೋಕಗಳು ಅಷ್ಟಿಲ್ಲ. ಅರ್ಧ ಶ್ಲೋಕಗಳನ್ನೂ, ಯಾರು ಮಾತಾಡಿದರು ಎಂದು ತಿಳಿಸುವ ಪದಗಳನ್ನೂ ಒಂದೊಂದು ಮಂತ್ರವಾಗಿ ಲೆಕ್ಕ ಹಿಡಿದಿದ್ದಾರೆ.

ಅಕ್ಷರ ಬಾರದವರಿಗೂ ಶಾಸ್ತ್ರ ತಲುಪಿದ್ದು ಗಮಕದಿಂದ. ಒಬ್ಬರು ರಾಗದಲ್ಲಿ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಗದುಗಿನ ಕುಮಾರವ್ಯಾಸ ಭೀಷ್ಮಪರ್ವದಲ್ಲಿ ಗೀತೆಯನ್ನು ಸಂಗ್ರಹಿಸಿ ಹೇಳಿರುವುದರಿಂದ, ಜಗಲಿಯ ಮೇಲೆ ಭಾರತ ಕೇಳಿದವರಿಗೆ ಗೀತೆಯೂ ಕಿವಿಗೆ ಬಿತ್ತು. ನಾಗರಸನಂತೂ ಇಡೀ ಗೀತೆಯನ್ನೇ ಭಾಮಿನಿ ಷಟ್ಪದಿಗೆ ತಂದ. ಶಿವಮೊಗ್ಗ ಬಳಿಯ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಈ ಕಲೆಯ ಹೆಸರು ದೇಶಕ್ಕೆಲ್ಲ ಕೇಳಿಸಿತು.

ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ವೂ ಹಾಗೆಯೇ. ವೇದಾಂತದ ಬಿಗಿಯಾದ ವಿಷಯ, ತಿಳಿಗನ್ನಡದ ಷಟ್ಪದಿ. ಎಷ್ಟೋ ಮನೆಗಳಲ್ಲಿ ಹೆಂಗಸರು ದಿನಕ್ಕೊಂದು ಸಂಧಿ ಹೇಳಿಕೊಳ್ಳುತ್ತಲೇ ಪೂರ್ತಿ ಕಂಠಪಾಠ ಮಾಡಿದ್ದಾರೆ. ಅವರನ್ನು ಯಾವ ಸಭೆಯೂ ವಿದ್ವಾಂಸರೆಂದು ಕರೆಯಲಿಲ್ಲ, ಕರೆಯಬೇಕಿತ್ತು.

ಅರ್ಥ ತಿಳಿಯದೆ ಓದಿದರೆ? ಯಾಸ್ಕನ ನಿರುಕ್ತ ಇಲ್ಲಿ ಕಟುವಾಗಿದೆ. ವೇದವನ್ನು ಕಲಿತು ಅರ್ಥ ಅರಿಯದವನು ಭಾರ ಹೊತ್ತ ಕಂಬ ಎನ್ನುತ್ತದೆ. ಹಾಗೆಂದು ಬರಿಯ ಪಠಣವನ್ನು ಹೀಗಳೆಯಲು ನನಗೆ ಮನಸ್ಸಿಲ್ಲ, ಬಾಯಿಗೆ ಬಂದದ್ದು ಒಂದು ದಿನ ಬುದ್ಧಿಗೂ ಇಳಿಯುತ್ತದೆ. ಆದರೂ ಕನ್ನಡದಲ್ಲಿ ಅರ್ಥಕ್ಕೆ ಬರವಿಲ್ಲ. ಡಿವಿಜಿಯವರ ‘ಜೀವನಧರ್ಮಯೋಗ’ಕ್ಕೆ 1967ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಸ್ವಾಮಿ ಸೋಮನಾಥಾನಂದರ ‘ಗೀತಾ ಭಾವಧಾರೆ’ ಇದೆ. ಶಂಕರರ ಭಾಷ್ಯಗಳನ್ನೇ ಕನ್ನಡದಲ್ಲಿ ಓದಬೇಕೆಂದರೆ ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಪುಸ್ತಕಗಳಿವೆ.

ವೇದಪಂಡಿತರ ಮೆದುಳಿನ ಚಿತ್ರಣವನ್ನೂ ತೆಗೆದು ನೋಡಿದ್ದಾರೆ. ಜೇಮ್ಸ್ ಹಾರ್ಟ್‌ಜೆಲ್ ಮತ್ತು ಸಂಗಡಿಗರು 21 ಪಂಡಿತರನ್ನು ಪರೀಕ್ಷಿಸಿ 2016ರಲ್ಲಿ ‘ನ್ಯೂರೋಇಮೇಜ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಭಾಷೆ ಮತ್ತು ನೆನಪಿಗೆ ಸಂಬಂಧಿಸಿದ ಭಾಗಗಳಲ್ಲಿ ಬೂದು ದ್ರವ್ಯ ಹೆಚ್ಚಿತ್ತು. ಇದು ವರ್ಷಗಟ್ಟಲೆ ದಿನವಿಡೀ ಕಂಠಪಾಠ ಮಾಡಿದವರ ವಿಷಯ. ಹತ್ತು ನಿಮಿಷದ ಓದಿಗೆ ಅದೇ ಫಲವೆಂದು ಹೇಳುವ ಸಂದೇಶಗಳನ್ನು ನಂಬಬೇಡಿ.

ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟ ಎಂದು ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನ ಹೇಳುತ್ತಾನೆ. ಕೃಷ್ಣ ಅದನ್ನು ಒಪ್ಪಿಕೊಂಡು ಅಭ್ಯಾಸ, ವೈರಾಗ್ಯ ಎಂಬ ಎರಡು ಉಪಾಯ ಕೊಡುತ್ತಾನೆ. ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲೂ ಇವೇ ಎರಡು. ಅಭ್ಯಾಸ ಬೇರೂರಲು ದೀರ್ಘಕಾಲ ಬೇಕು, ನಡುವೆ ನಿಲ್ಲಬಾರದು, ಆದರವಿರಬೇಕು ಎಂದು ಪತಂಜಲಿ ಮೂರು ಷರತ್ತು ಹಾಕುತ್ತಾನೆ. ಎಷ್ಟು ಹೊತ್ತು ಓದಬೇಕು ಎಂಬುದು ಆ ಮೂರರಲ್ಲಿಲ್ಲ.

ಇಷ್ಟೆಲ್ಲ ಉಪದೇಶಿಸಿದ ಕೃಷ್ಣ 18ನೇ ಅಧ್ಯಾಯದ 63ನೇ ಶ್ಲೋಕದಲ್ಲಿ, ಪೂರ್ತಿಯಾಗಿ ವಿಮರ್ಶಿಸಿ ಆಮೇಲೆ ನಿನ್ನ ಇಷ್ಟದಂತೆ ಮಾಡು ಎಂದು ಅರ್ಜುನನಿಗೇ ಬಿಡುತ್ತಾನೆ. 72ನೆಯದರಲ್ಲಿ, ಮನಸ್ಸಿಟ್ಟು ಕೇಳಿದೆಯಾ ಎಂದು ವಿಚಾರಿಸುತ್ತಾನೆ. ಓದುಗನಿಗೆ ಇಷ್ಟು ಗೌರವ ಕೊಡುವ ಗ್ರಂಥವನ್ನು ಹೆದರಿ ದೂರ ಇಡುವುದು ಸಲ್ಲದು.

ಹೊಸದಾಗಿ ಶುರುಮಾಡುವವರು ಮೊದಲ ಅಧ್ಯಾಯದ ಶಂಖಗಳ ಹೆಸರುಗಳಲ್ಲೇ ದಣಿಯುವುದುಂಟು. ಹಾಗಾದರೆ 12ನೇ ಅಧ್ಯಾಯದ 13ರಿಂದ 20ರವರೆಗಿನ ಎಂಟು ಶ್ಲೋಕಗಳಿಂದ ಹೊರಡಬಹುದು. ಭಗವಂತನಿಗೆ ಪ್ರಿಯನಾದ ಭಕ್ತನ ಗುಣಗಳು ಅಲ್ಲಿವೆ. ಉದ್ಯೋಗಪರ್ವದ 33ರಿಂದ 40ನೇ ಅಧ್ಯಾಯದವರೆಗಿನ ವಿದುರನೀತಿಯೂ ಆದೀತು, ನಿದ್ದೆ ಬಾರದ ಧೃತರಾಷ್ಟ್ರನಿಗೆ ತಮ್ಮ ರಾತ್ರಿಯಿಡೀ ಹೇಳಿದ ಬುದ್ಧಿಮಾತು ಅದು. ಈಶಾವಾಸ್ಯ ಉಪನಿಷತ್ತಿನಲ್ಲಿ ಇರುವುದೇ 18 ಮಂತ್ರ, ಮಾಂಡೂಕ್ಯದಲ್ಲಿ 12. ಎರಡೂ ಸೇರಿ ಒಂದು ಕಾಫಿ ಆರುವುದರೊಳಗೆ ಓದಿ ಮುಗಿಯುತ್ತವೆ. ಮಾಂಡೂಕ್ಯಕ್ಕೆ ಗೌಡಪಾದರು ಬರೆದ ಕಾರಿಕೆಗಳು ಮಾತ್ರ 215.