ದಿಲ್ಲಿಯ ಠರಾವು, ವಿಜಯವಾಡದ ಕಟ್ಟಡ

ವಿಜಯವಾಡದ ಸಿವಿಲ್ ಕೋರ್ಟುಗಳ ಆವರಣದಲ್ಲಿ ಎಂಟು ಅಂತಸ್ತಿನ ಹೊಸ ಕಟ್ಟಡ ಉದ್ಘಾಟನೆಯಾದದ್ದು 2022ರ ಆಗಸ್ಟ್ 20ರಂದು. ಉದ್ಘಾಟಿಸಿದವರು ದೇಶದ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ, ಅದೇ ಸೀಮೆಯ ಪೊನ್ನವರಂನವರು; ಆರು ದಿನ ಕಳೆದರೆ ನಿವೃತ್ತಿ. 2013ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದವರೂ ಅವರೇ. ಒಂದು ಕೋರ್ಟು ಕಟ್ಟಡ ಏಳಲು ಒಂಬತ್ತು ವರ್ಷ! ನಡುವೆ ರಾಜ್ಯ ಎರಡಾಯಿತು ನಿಜ. ಆದರೆ ರಾಜ್ಯ ಒಡೆಯದ ಕಡೆಯೂ ಕೋರ್ಟುಗಳ ಪಾಡು ಇದಕ್ಕಿಂತ ಬೇರೆಯಲ್ಲ. ಹೈಕೋರ್ಟ್ ಕೇಳಬೇಕು, ಹಣಕಾಸು ಇಲಾಖೆ ಒಪ್ಪಬೇಕು, ಸರ್ಕಾರದ ಎಂಜಿನಿಯರುಗಳು ಕಟ್ಟಬೇಕು. ತೀರ್ಪು ಕೊಡುವವರ ಕೈಯಲ್ಲಿ ಥೈಲಿ ಇಲ್ಲ.

ಥೈಲಿ ಇಲ್ಲದವರು ಕಂಡುಕೊಂಡ ದಾರಿಯೇ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನ. ಮೊದಲನೆಯದು ಸೇರಿದ್ದು 1953ರ ನವೆಂಬರ್‌ನಲ್ಲಿ. ಆಂಧ್ರ ರಾಜ್ಯ ಹುಟ್ಟಿ ಆಗಿನ್ನೂ ಒಂದೆರಡು ತಿಂಗಳು. ಅದಕ್ಕೆ ಸ್ವಂತ ಹೈಕೋರ್ಟ್ ಬಂದದ್ದು ಮರುವರ್ಷ ಜುಲೈ 5ರಂದು, ಗುಂಟೂರಿನಲ್ಲಿ, ಕೆ. ಸುಬ್ಬರಾವ್ ಮುಖ್ಯ ನ್ಯಾಯಮೂರ್ತಿಯಾಗಿ. ಸಂವಿಧಾನದಲ್ಲಿ ಈ ಸಮ್ಮೇಳನದ ಹೆಸರಿಲ್ಲ. ಅಲ್ಲಿನ ಠರಾವಿಗೆ ಕಾನೂನಿನ ಬಲವೂ ಇಲ್ಲ. ಅಮೆರಿಕದ ರಾಜ್ಯಗಳ ಮುಖ್ಯ ನ್ಯಾಯಮೂರ್ತಿಗಳು 1949ರಲ್ಲಿ ಇಂಥದ್ದೇ ಕೂಟ ಕಟ್ಟಿಕೊಂಡರು. ಅವರ ಬೆನ್ನಿಗೆ 1971ರಿಂದ ರಾಜ್ಯ ನ್ಯಾಯಾಲಯಗಳ ರಾಷ್ಟ್ರೀಯ ಕೇಂದ್ರವೆಂಬ ಕಾಯಂ ಕಚೇರಿ ನಿಂತಿದೆ.

ನಮ್ಮಲ್ಲಿ ಖಜಾನೆಗೆ ಭಾರವಾಗದ ಠರಾವು ಬೇಗ ಕೈಗೂಡುತ್ತದೆ. 1993ರ ಡಿಸೆಂಬರ್ 4ರಂದು ಮುಖ್ಯಮಂತ್ರಿಗಳೂ ಮುಖ್ಯ ನ್ಯಾಯಮೂರ್ತಿಗಳೂ ಒಟ್ಟಿಗೆ ಕೂತರು. ಪ್ರಧಾನಿ ಪಿ.ವಿ. ನರಸಿಂಹರಾವ್, ಮುಖ್ಯ ನ್ಯಾಯಮೂರ್ತಿ ನಮ್ಮ ಎಂ.ಎನ್. ವೆಂಕಟಾಚಲಯ್ಯ. ನ್ಯಾಯದಾನದ ಹೊರೆಯನ್ನೆಲ್ಲ ಕೋರ್ಟುಗಳೇ ಹೊರಲಾರವು, ಮಧ್ಯಸ್ಥಿಕೆ, ಸಂಧಾನಗಳಿಗೂ ದಾರಿ ಬಿಡಬೇಕೆಂದು ಅಲ್ಲಿ ಒಪ್ಪಿದ್ದೇ 1996ರ ಮಧ್ಯಸ್ಥಿಕೆ ಮತ್ತು ಸಂಧಾನ ಕಾಯ್ದೆಗೆ ನೆಲ ಹದ ಮಾಡಿತು.

ಹಣ, ಹುದ್ದೆ, ಕಟ್ಟಡದ ಮಾತು ಬಂದಾಗ ಕಥೆ ಬೇರೆ. ಅಲ್ಲಿ ಕೆಲಸ ಮಾಡಿದ್ದು ಮೇಲಿನವರ ಸಮ್ಮೇಳನಕ್ಕಿಂತ ಕೆಳಗಿನವರ ಸಂಘ ಎಂದೇ ನನ್ನ ಎಣಿಕೆ. ಅಖಿಲ ಭಾರತ ನ್ಯಾಯಾಧೀಶರ ಸಂಘ 1989ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ 1022ನೇ ಅರ್ಜಿಯಿಂದ ಮೊದಲ ವೇತನ ಆಯೋಗ ಹುಟ್ಟಿತು. ಅಧ್ಯಕ್ಷರು ಕನ್ನಡಿಗ ಕೆ. ಜಗನ್ನಾಥ ಶೆಟ್ಟಿ. ಎರಡನೆಯ ಆಯೋಗದ ಅಧ್ಯಕ್ಷತೆ ಆಂಧ್ರದ ಪಿ. ವೆಂಕಟರಾಮ ರೆಡ್ಡಿಯವರದು, ಅವರು ಹಿಂದೆ ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರು ಬೇಕೆಂಬ 2002ರ ಆದೇಶವೂ ಅದೇ ಪ್ರಕರಣದ್ದು. ಐದು ವರ್ಷದ ಗಡುವು ಎಂದೋ ಮುಗಿಯಿತು, 50 ಮಾತ್ರ ಇನ್ನೂ ದೂರ.

ಆ ಕೊರತೆ ಹೇಳುತ್ತಲೇ 2016ರ ಏಪ್ರಿಲ್ 24ರಂದು ಪ್ರಧಾನಿಯ ಎದುರು ಅಂದಿನ ದೇಶದ ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ಗದ್ಗದಿತರಾದರು. ಆಮೇಲೆ ಆರು ವರ್ಷ ಸಮ್ಮೇಳನವೇ ಸೇರಲಿಲ್ಲ.

ಆ ನಡುವೆಯೇ ಆಂಧ್ರಕ್ಕೆ ಮತ್ತೆ ಹೊಸ ಹೈಕೋರ್ಟ್ ಬಂತು. ಅಲ್ಲಿಯವರೆಗೆ ಹೈಕೋರ್ಟಿಗೆ ಹೋಗಲು ವಿಶಾಖಪಟ್ಟಣದವರು ಸಂಜೆ ಗೋದಾವರಿ ಎಕ್ಸ್‌ಪ್ರೆಸ್ ಹತ್ತಿ, ರಾತ್ರಿ ವಿಜಯವಾಡ ದಾಟಿ, ಬೆಳಗ್ಗೆ ಹೈದರಾಬಾದಿನಲ್ಲಿ ಇಳಿಯಬೇಕಿತ್ತು. 2018ರ ಡಿಸೆಂಬರ್ 26ರಂದು ರಾಷ್ಟ್ರಪತಿಯ ಅಧಿಸೂಚನೆ. ಜನವರಿ 1ಕ್ಕೆ ವಿಜಯವಾಡದ ಸ್ಟೇಡಿಯಂನಲ್ಲಿ ಪ್ರಮಾಣವಚನ. ಕಲಾಪ ಶುರುವಾದದ್ದು ಮುಖ್ಯಮಂತ್ರಿಗಳ ಕ್ಯಾಂಪ್ ಆಫೀಸಿನಲ್ಲಿ. ಮಾರ್ಚ್‌ನಲ್ಲಿ ನೇಲಪಾಡಿನ ತಾತ್ಕಾಲಿಕ ಸಂಕೀರ್ಣಕ್ಕೆ ಗಂಟುಮೂಟೆ ಹೋಯಿತು. ಸಿದ್ಧತೆಯಿಲ್ಲದೆ ಕೋರ್ಟು ಹೂಡಿದರೆ ಏನಾಗುತ್ತದೆಂದು ರಮಣರಿಗೆ ಯಾರೂ ವಿವರಿಸಬೇಕಿರಲಿಲ್ಲ.

2022ರ ಏಪ್ರಿಲ್ 29ರ 39ನೇ ಸಮ್ಮೇಳನಕ್ಕೂ ಮುಂಚಿನಿಂದ ಅವರು ಒಂದು ಲೆಕ್ಕ ಹೇಳುತ್ತಿದ್ದರು: ದೇಶದ ಶೇ 26ರಷ್ಟು ಕೋರ್ಟು ಸಂಕೀರ್ಣಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಶೌಚಾಲಯವಿಲ್ಲ. ಕೋರ್ಟುಗಳ ಕಟ್ಟಡ, ಸೌಲಭ್ಯ ನೋಡಿಕೊಳ್ಳಲು ಶಾಸನಬದ್ಧ ರಾಷ್ಟ್ರೀಯ ಪ್ರಾಧಿಕಾರ ಬೇಕೆಂಬುದು ಅವರ ಹಟ. ಮರುದಿನದ ಜಂಟಿ ಸಭೆಯಲ್ಲಿ ರಾಜ್ಯಗಳು ಒಪ್ಪಲಿಲ್ಲ. ಮುಖ್ಯಮಂತ್ರಿಗಳೂ ಕೂರುವ ರಾಜ್ಯಮಟ್ಟದ ಸಮಿತಿ ಸಾಕೆಂದವು. ರಾಜ್ಯಗಳ ಅಳುಕು ಪೂರ್ತಿ ಸುಳ್ಳಲ್ಲ. ಜಾಗ ಅವುಗಳದು, ಕೇಂದ್ರದ ಯೋಜನೆಯಲ್ಲೂ ಹೆಚ್ಚಿನ ರಾಜ್ಯಗಳ ಪಾಲು ಶೇ 40.

ಕೋರ್ಟ್ ಮ್ಯಾನೇಜರ್‌ಗಳ ವಿಷಯವೂ ಹೀಗೇ ಆಯಿತು. ಎಂಬಿಎ ಓದಿದವರು ಆಡಳಿತ ನೋಡಿಕೊಂಡರೆ ನ್ಯಾಯಾಧೀಶರು ಕೇಸು ನೋಡಬಹುದೆಂದು 13ನೇ ಹಣಕಾಸು ಆಯೋಗ 300 ಕೋಟಿ ರೂಪಾಯಿ ಇಟ್ಟಿತ್ತು. 2015ಕ್ಕೆ ಆ ಹಣ ನಿಂತಿತು, ಹಲವರು ಗುತ್ತಿಗೆಯಲ್ಲೇ ಉಳಿದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅವರ ನೇಮಕಕ್ಕೆ ನಿಯಮ ರೂಪಿಸುವಂತೆ ಎಲ್ಲ ಹೈಕೋರ್ಟುಗಳಿಗೆ ಸೂಚಿಸಿತು. ಆ ಆದೇಶ ಬಂದದ್ದು ಯಾವ ಸಮ್ಮೇಳನದಿಂದಲೂ ಅಲ್ಲ, ಮತ್ತದೇ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ.